ದೇವರು ಹರಿದ ಬಟ್ಟೆ

ರಾಯಚೂರು ಜಿಲ್ಲೆಯ ದೇವದುರ್ಗದಿಂದ ಹೊರಟು ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸುರಪುರ ಸೀಮೆ. ಆ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಬಸವಣ್ಣನಿಗಿಂತ ಹಿಂದಿನ ಶರಣ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟುಕೊಂಡೇ ರಾಮನಾಥನ ಹೆಸರಿನಲ್ಲಿ ವಚನ ಕಟ್ಟಿದವನು. ಅವನ ಕಥೆಯೊಂದನ್ನು ಈ ಕಡೆಯ ಪುರಾಣ ಹೇಳುವವರು ಬಿಡುವುದಿಲ್ಲ. ದಾಸಿಮಯ್ಯ ವರ್ಷಗಟ್ಟಲೆ ಕೂತು ಅಪರೂಪದ ಬಟ್ಟೆಯೊಂದನ್ನು ನೇಯ್ದ. ಸಂತೆಗೆ ಒಯ್ದರೆ ಅದರ ಬೆಲೆ ತೆರುವವರೇ ಇಲ್ಲ. ಹೆಗಲ ಮೇಲೆ ಹಾಕಿಕೊಂಡು ಮನೆಯ ದಾರಿ ಹಿಡಿದಾಗ ಮುದಿ ಜಂಗಮನೊಬ್ಬ ಎದುರಾಗಿ ಚಳಿಯೆಂದು ಕೈಯೊಡ್ಡಿದ. ಕೊಟ್ಟುಬಿಟ್ಟ. ಜಂಗಮ ಅವನ ಕಣ್ಣೆದುರೇ ಬಟ್ಟೆಯನ್ನು ಪರಪರ ಹರಿದು ತುಂಡು ತುಂಡು ಮಾಡಿ ಮೈಗೆಲ್ಲ ಸುತ್ತಿಕೊಂಡ. ದಾಸಿಮಯ್ಯ ತುಟಿ ಪಿಟಕ್ಕೆನ್ನಲಿಲ್ಲ. ಹರಿದವನು ಶಿವನೇ ಆಗಿದ್ದ. ಎಂದೂ ಬರಿದಾಗದ ತವನಿಧಿಯನ್ನು ಕೊಟ್ಟು ಹೋದ.

ಭಕ್ತರಿಗೆ ಕಥೆ ತವನಿಧಿಯಲ್ಲಿ ಮುಗಿಯುತ್ತದೆ. ಹಳೆಯ ಬಟ್ಟೆಗಳ ಪಟ್ಟಿ ಬರೆದು ಕಾಪಾಡುವ ಕೆಲಸ ಹಿಡಿದವರಿಗೆ ತೊಡಕು ಶುರುವಾಗುವುದು ಅಲ್ಲೇ. ಹನ್ನೊಂದನೆಯ ಶತಮಾನದ ಆ ಬಟ್ಟೆಯ ಒಂದು ಚಿಂದಿ ಇಂದು ಸಿಕ್ಕರೆ ಅದಕ್ಕಾಗಿ ಎಷ್ಟು ಮ್ಯೂಸಿಯಂಗಳು ಮುಗಿಬಿದ್ದಾವು! ಆದರೆ ಹರಿಯದೆ ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದರೆ ಅದರ ಕಥೆ ಹುಟ್ಟುತ್ತಲೇ ಇರಲಿಲ್ಲ. ದೇವರಿಗೆ ಕೊಟ್ಟ, ಗುರು ಹೊದ್ದ, ಗೋರಿಗೆ ಹೊದಿಸಿದ ಬಟ್ಟೆಯನ್ನು ಕಾಪಾಡುವುದೆಂದರೆ ಏನನ್ನು ಕಾಪಾಡುವುದು? ನೂಲನ್ನೋ, ನೇಯ್ಗೆಯನ್ನೋ, ಅದು ಮುಟ್ಟಿದ ಮೈಯ ನೆನಪನ್ನೋ?

ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರು ಕಲ್ಲನ್ನು ಚೆನ್ನಾಗಿ ಉಳಿಸಿಕೊಂಡ ನಾಡು. ಕೋಟೆಯ ಗೋಡೆಯಲ್ಲಿ 1294ರ ಶಾಸನ ಹೊತ್ತ, 41 ಅಡಿಗೂ ಮಿಕ್ಕಿದ ಒಂದೇ ಬಂಡೆ ಇದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿಟ್ಟಿದ್ದಾರೆ. ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬಂಡೆ ಅಶೋಕನ ಹೆಸರನ್ನು ಇಪ್ಪತ್ತೆರಡು ಶತಮಾನಗಳಿಂದ ಹಿಡಿದುಕೊಂಡಿತ್ತು. ಬಟ್ಟೆಯ ಹಣೆಬರಹ ಬೇರೆ. ಎರೆಭೂಮಿಯಲ್ಲಿ ಹತ್ತಿ ಬೆಳೆದು, ಜಿನ್ನಿಂಗ್ ಮಿಲ್ಲುಗಳಲ್ಲಿ ಅರಳೆ ಬಿಡಿಸಿ, ಮಾರುಕಟ್ಟೆಯಲ್ಲಿ ಗುಡ್ಡೆ ಹಾಕುವ ಊರಿನಲ್ಲೇ ಮುನ್ನೂರು ವರ್ಷ ಹಿಂದಿನ ಒಂದು ಧೋತರ ನೋಡಸಿಗುವುದು ದುರ್ಲಭ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ದೂಳು, ಮಳೆಗಾಲದ ತೇವ, ಬೆಳ್ಳಿಮೀನೆಂದು ಕರೆಸಿಕೊಳ್ಳುವ ಹುಳು, ಇಲಿ: ಇಷ್ಟನ್ನೂ ದಾಟಿ ಉಳಿದದ್ದು ಮನೆಗಳ ಟ್ರಂಕಿನಲ್ಲೋ ಮಠ, ದರ್ಗಾಗಳ ಪೆಟ್ಟಿಗೆಯಲ್ಲೋ ಚದುರಿ ಕೂತಿರುತ್ತದೆ.

ಬಟ್ಟೆಯ ಲೆಕ್ಕ ಇಡುವುದು ಮಾತ್ರ ಈ ನೆಲಕ್ಕೆ ಹೊಸತಲ್ಲ. 1520ರ ರಾಯಚೂರು ಮುತ್ತಿಗೆಯ ದೀರ್ಘ ವರದಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ವಿಜಯನಗರದ ಅರಸನ ಉಡುಪಿನ ಬಗ್ಗೆಯೂ ಬರೆದಿದ್ದಾನೆ. ಅರಸ ಒಮ್ಮೆ ಉಟ್ಟದ್ದನ್ನು ಮತ್ತೆ ಉಡುವುದಿಲ್ಲ. ಕಳಚಿದ ಕೂಡಲೇ ಅದು ಅದಕ್ಕೆಂದೇ ಇರುವ ಅಧಿಕಾರಿಗಳ ವಶಕ್ಕೆ ಹೋಗುತ್ತದೆ. ಅವರು ಅದರ ಲೆಕ್ಕ ಒಪ್ಪಿಸಬೇಕು. ಆ ಬಟ್ಟೆಯನ್ನು ಯಾರಿಗೂ ಕೊಡುವುದಿಲ್ಲ, ಅದೇ ದೊಡ್ಡಸ್ತಿಕೆ. ಉಟ್ಟದ್ದು ಒಂದು ದಿನ, ಲೆಕ್ಕ ಎಂದೆಂದಿಗೂ. ಇಷ್ಟು ಕಟ್ಟುನಿಟ್ಟಿನ ಆ ಭಂಡಾರದಿಂದ ಉಳಿದದ್ದೇನು? ಆ ಕಾಲದ ಸೀರೆ, ಅಂಗಿ, ಕುಲಾವಿಗಳ ವಿನ್ಯಾಸ ನೋಡಬೇಕೆಂದರೆ ಇವತ್ತು ಲೇಪಾಕ್ಷಿಯ ವೀರಭದ್ರ ಗುಡಿಯ ಚಾವಣಿಗೆ ಕತ್ತೆತ್ತಬೇಕು. ಬಟ್ಟೆ ಹೋಯಿತು, ಬಟ್ಟೆಯ ಚಿತ್ರ ಉಳಿಯಿತು. ರಾಯಚೂರನ್ನು 1948ರ ತನಕ ಆಳಿದ ನಿಜಾಮರದೂ ಇಂಥದೇ ಕಥೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಎರಡಂತಸ್ತಿನ ಮರದ ಉಡುಪಿನ ಕಪಾಟು ಹೈದರಾಬಾದಿನ ಪುರಾನಿ ಹವೇಲಿಯಲ್ಲಿದೆ; ಜನ ಬೆರಗಿನಿಂದ ನೋಡುವುದು ಒಳಗಿನ ಬಟ್ಟೆಗಿಂತ ಕಪಾಟನ್ನೇ. ಅವರ ಮಗ ಏಳನೆಯ ನಿಜಾಮರೋ, ಜಗತ್ತಿನ ಶ್ರೀಮಂತರಲ್ಲಿ ಒಬ್ಬರಾಗಿಯೂ ಹಳೆಯ ಶೇರ್ವಾನಿ, ಮಾಸಿದ ಟೊಪ್ಪಿಗೆಗೇ ಹೆಸರಾದವರು.

ಲೆಕ್ಕ ಇಡುವುದರಿಂದಲೇ ಬಟ್ಟೆ ಉಳಿಯುವುದಿಲ್ಲವೆಂದಾಯಿತು. ಹಾಗಾದರೆ ಉಳಿಯಬೇಕಾದ ಆ ‘ಬಟ್ಟೆ’ ಯಾವುದು?

ಈ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಮ್ಯೂಸಿಯಂಗಳು ಹುಟ್ಟುವ ಎಷ್ಟೋ ಮೊದಲೇ ಜಗ್ಗಾಡಿದ್ದಾರೆ. ವಾದಗ್ರಂಥಗಳಲ್ಲಿ ಕುಂಬಾರನ ಮಡಕೆಯ ಪಕ್ಕದಲ್ಲೇ ನೇಕಾರನ ಬಟ್ಟೆ ಕೂತಿರುತ್ತದೆ: ಎಳೆ ಕಾರಣ, ಬಟ್ಟೆ ಕಾರ್ಯ, ಇವೆರಡೂ ಒಂದೋ ಬೇರೆಯೋ? ಸಾಂಖ್ಯರ ಪ್ರಕಾರ ಬಟ್ಟೆ ಮೊದಲೇ ನೂಲಿನಲ್ಲಿ ಅಡಗಿತ್ತು, ನೇಕಾರ ಅದನ್ನು ಹೊರತೆಗೆದ ಅಷ್ಟೆ. ಬೌದ್ಧರು ಎಳೆಗಳನ್ನು ಬಿಟ್ಟು ಬಟ್ಟೆಯೆಂಬುದು ಇಲ್ಲವೇ ಇಲ್ಲ, ಅದು ನಾವು ಕರೆಯುವ ಹೆಸರು ಮಾತ್ರ ಎಂದರು. ನೈಯಾಯಿಕರು ಒಪ್ಪಲಿಲ್ಲ. ನೂರು ಎಳೆ ಕೂಡಿದರೆ ಆ ನೂರರ ಮೇಲೆ ಇನ್ನೊಂದು ಹೊಸ ವಸ್ತು ಹುಟ್ಟುತ್ತದೆ, ಅದೇ ಬಟ್ಟೆ ಎಂಬುದು ಅವರ ಹಟ. ಆ ಹಟ ಅವರನ್ನು ಎಲ್ಲಿಗೆ ಒಯ್ಯಿತೆಂದರೆ, ಒಂದು ಎಳೆ ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಅದರ ಜಾಗದಲ್ಲಿ ಖಂಡಪಟವೆಂಬ ಹೊಸ ಬಟ್ಟೆ ಹುಟ್ಟುತ್ತದೆ ಎಂದೂ ಅವರು ವಾದಿಸಬೇಕಾಯಿತು. ಕೇಳಿದರೆ ನಗು ಬರಬಹುದು. ಆದರೆ ಜೀರ್ಣವಾದ ಸೀರೆಯನ್ನು ರಿಪೇರಿ ಮಾಡಲು ಕೂತವರ ಕೈ ನಡುಗುವುದು ಇದೇ ಕಾರಣಕ್ಕೆ: ಹೋದ ಅಂಚನ್ನು ಹೊಸ ನೂಲಿನಿಂದ ತುಂಬಿದರೆ ಎದುರಿಗಿರುವುದು ಅಜ್ಜಿಯ ಸೀರೆಯೋ, ಇವತ್ತಿನ ಸೀರೆಯೋ? ಬಟ್ಟೆ ಸಂರಕ್ಷಣೆಯವರು ಇದಕ್ಕೊಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಹರಿದಲ್ಲಿ ಹಿಂದಿನಿಂದ ತೆಳು ಬಟ್ಟೆಯ ಆಸರೆ ಕೊಡು, ಕೂದಲೆಳೆಯಂಥ ದಾರದಿಂದ ಹೊಲಿ, ನಾಳೆ ಬಿಚ್ಚಲು ಬಾರದ ಏನನ್ನೂ ಸೇರಿಸಬೇಡ. ನೈಯಾಯಿಕರ ಅಳುಕನ್ನೇ ಸೂಜಿಯಲ್ಲಿ ಪೋಣಿಸಿದಂತಿದೆ.

ಈ ಭಾಗದ ಮನೆಗಳಿಗೆ ಹತ್ತಿರದ ಉತ್ತರ ಮಾತ್ರ ದ್ವೈತಿಗಳದು. ರಾಯಚೂರಿನಿಂದ ತುಂಗಭದ್ರೆಯ ದಂಡೆಯ ಮಂತ್ರಾಲಯ ದೂರವಲ್ಲ. 1671ರಲ್ಲಿ ಅಲ್ಲಿ ವೃಂದಾವನಸ್ಥರಾದ ರಾಘವೇಂದ್ರಸ್ವಾಮಿಗಳು ಇಂದು ಲಕ್ಷಾಂತರ ಜನರಿಗೆ ಕೇಳಿದ್ದನ್ನು ಕೊಡುವ ರಾಯರು. ಅವರು ಜಯತೀರ್ಥರ ‘ನ್ಯಾಯಸುಧಾ’ದ ಮೇಲೆ ‘ಪರಿಮಳ’ವೆಂಬ ಟಿಪ್ಪಣಿ ಬರೆದ ಕಡು ತಾರ್ಕಿಕರೂ ಹೌದು. ಅವರ ಸಂಪ್ರದಾಯದಲ್ಲಿ ಎಳೆಗೂ ಬಟ್ಟೆಗೂ ಭೇದವೂ ಉಂಟು, ಅಭೇದವೂ ಉಂಟು. ಬಟ್ಟೆ ಇರುವಷ್ಟು ಹೊತ್ತು ಎಳೆಯಿಂದ ಅದನ್ನು ಬೇರ್ಪಡಿಸಿ ತೋರಿಸಲಾಗದು, ಆದ್ದರಿಂದ ಅಭೇದ. ಬಟ್ಟೆ ಹೋದ ಮೇಲೂ ಎಳೆ ಉಳಿಯಬಲ್ಲದು, ಆದ್ದರಿಂದ ಭೇದ. ಯಾವ ಮ್ಯೂಸಿಯಂ ಪಟ್ಟಿಯೂ ಇದಕ್ಕಿಂತ ನಯವಾಗಿ ಹೇಳಲಾರದು. ಒಳ್ಳೆಯ ದಾಖಲೆ ಪುಸ್ತಕ ಎಳೆಗಳ ಲೆಕ್ಕವನ್ನೂ ಬರೆಯುತ್ತದೆ: ಅಂಗುಲಕ್ಕೆ ಹಾಸು ಎಷ್ಟು, ಹೊಕ್ಕು ಎಷ್ಟು, ಹುರಿ ಎಡಕ್ಕೋ ಬಲಕ್ಕೋ, ಬಣ್ಣ ನೀಲಿಗಿಡದ್ದೋ ರಾಸಾಯನಿಕ ಪುಡಿಯದ್ದೋ. ಇಡೀ ಬಟ್ಟೆಯ ಲೆಕ್ಕವನ್ನೂ ಬರೆಯುತ್ತದೆ: ಉದ್ದ, ಅಗಲ, ಸೆರಗು, ಅಂಚು, ಉಟ್ಟ ರೀತಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆ ಹಾಸನ್ನೂ ಕೊಂಡಿ ಕೊಂಡಿಯಾಗಿ ಕೂಡಿಸುವ ಟೋಪು ತೆನೆಯ ಸಾಲು ಕಣ್ಣಿಗೆ ಬಿದ್ದರೆ ಅದು ಎಳೆಯ ವಿಷಯವೋ ಬಟ್ಟೆಯ ವಿಷಯವೋ ಹೇಳುವುದು ಕಷ್ಟ.

ಪಟ್ಟಿಗೆ ಸುಲಭವಾಗಿ ಸಿಗದ ಮೂರನೆಯದೊಂದಿದೆ, ಸನ್ನಿಧಾನ. ತಿರುಪತಿ ದೇವಸ್ಥಾನದಿಂದ ಮಂತ್ರಾಲಯಕ್ಕೆ ಪ್ರತಿವರ್ಷ ರಾಯರ ಆರಾಧನೆಗೆ ಶ್ರೀನಿವಾಸನ ಶೇಷವಸ್ತ್ರ ಬರುತ್ತದೆ. ಅದರ ನೂಲು ಅಂಗಡಿಯ ನೂಲೇ, ನೇಯ್ಗೆ ಕೂಡ ಬೇರೆ ನೂರು ಬಟ್ಟೆಗಳ ನೇಯ್ಗೆಯೇ. ದೇವರ ಮೈಯಿಂದ ಇಳಿದು ಬಂದದ್ದೆಂಬ ಒಂದೇ ಕಾರಣಕ್ಕೆ ಅದು ತಲೆಯ ಮೇಲೇರುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟರೆ ಸನ್ನಿಧಾನ ಕಾಣಿಸುವುದಿಲ್ಲ. ಹಾಗೆಂದು ಅದನ್ನು ಬಿಟ್ಟು ಬರೆದ ದಾಖಲೆ ಸುಳ್ಳಾಗುತ್ತದೆ. ಮಾನ್ವಿಯಲ್ಲಿ ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರ ಸನ್ನಿಧಾನ ಕಂಬದಲ್ಲಿದೆ ಎಂದು ಭಕ್ತರು ನಂಬಿ ಪೂಜಿಸುತ್ತಾರೆ. ಕಂಬಕ್ಕೆ ತಾಳಿಕೆ ಹೆಚ್ಚು. ಬಟ್ಟೆಯಲ್ಲಿ ನೆಲೆನಿಂತ ಸನ್ನಿಧಾನಕ್ಕೆ ಬಟ್ಟೆಯಷ್ಟೇ ಆಯುಷ್ಯವೇ? ಇಲ್ಲಿ ಮತಗಳೆಲ್ಲ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಒಂದೇ ಮತದೊಳಗೂ ಎರಡು ದನಿಗಳಿವೆ.

ಮೆಕ್ಕಾದ ಕಾಬಾಕ್ಕೆ ಹೊದಿಸುವ ಕಿಸ್ವಾ ಕಪ್ಪು ರೇಷ್ಮೆಯದು, ಚಿನ್ನ ಬೆಳ್ಳಿ ಎಳೆಯ ಕಸೂತಿಯದು. ವರ್ಷಕ್ಕೊಮ್ಮೆ ಅದನ್ನು ಇಳಿಸಿ ಹೊಸದನ್ನು ಏರಿಸುತ್ತಾರೆ. ಹಳೆಯದನ್ನು ತುಂಡು ಮಾಡಿ ಹಂಚುವುದು ಹಳೆಯ ರೂಢಿ. ಅದೇ ಮತದವರು ಪ್ರವಾದಿಯವರದೆಂದು ನಂಬುವ ನಿಲುವಂಗಿಯನ್ನು ಇಸ್ತಾಂಬುಲಿನ ಟೋಪ್‌ಕಾಪಿ ಅರಮನೆಯಲ್ಲಿ ಶತಮಾನಗಳಿಂದ ಕಾದಿಟ್ಟಿದ್ದಾರೆ. ಒಂದು ಕಡೆ ಕತ್ತರಿಸುವುದೇ ಭಕ್ತಿ, ಇನ್ನೊಂದು ಕಡೆ ಮುಟ್ಟದಿರುವುದೇ ಭಕ್ತಿ. ರಾಯಚೂರಿನ ದರ್ಗಾಗಳಲ್ಲಿ ಉರುಸಿಗೆ ಬರುವ ಚಾದರಗಳನ್ನು ನೋಡಿದರೂ ಇದೇ ಗೊತ್ತಾಗುತ್ತದೆ: ಒಂದರ ಮೇಲೊಂದು ಹೊದಿಸುತ್ತ ಹೋದಂತೆ ಕೆಳಗಿನದು ಇಳಿಯಲೇಬೇಕು. ಜಿಲ್ಲೆಯ ಮುದಗಲ್ಲಿನ ಮೊಹರಂ ಹೆಸರುವಾಸಿ. ಹರಕೆ ಹೊತ್ತವರು, ಹಿಂದೂಗಳೂ ಸೇರಿ, ಅಲಾಯಿ ದೇವರಿಗೆ ದಟ್ಟಿ ಏರಿಸುತ್ತಾರೆ, ಸಕ್ಕರೆ ಓದಿಸುತ್ತಾರೆ. ಪಂಜಾದ ಕೊರಳಲ್ಲಿ ಬಣ್ಣದ ಮೇಲೆ ಬಣ್ಣ ಗುಡ್ಡೆಯಾಗುತ್ತದೆ. ಒಂದೊಂದು ದಟ್ಟಿಯ ಹಿಂದೆಯೂ ಒಂದು ಜ್ವರ, ಒಂದು ಹೆರಿಗೆ, ಒಂದು ಕೋರ್ಟು ಕೇಸು. ಆ ಬಟ್ಟೆಗಳ ಪಟ್ಟಿ ಯಾರಾದರೂ ಬರೆದಿದ್ದರೆ ಈ ಸೀಮೆಯ ಜನರ ಸಂಕಟಗಳ ಚರಿತ್ರೆಯೇ ಸಿದ್ಧವಾಗುತ್ತಿತ್ತು.

ಮಸ್ಕಿಯ ಬಂಡೆಯ ಮೇಲೆ ತನ್ನನ್ನು ಬುದ್ಧನ ಉಪಾಸಕನೆಂದು ಕರೆದುಕೊಂಡ ಅಶೋಕನಿಗೆ ಆನಂದನ ಕಥೆ ಗೊತ್ತಿದ್ದಿರಬಹುದು. ವಿನಯಪಿಟಕದಲ್ಲಿ ಬರುವ ಪ್ರಸಂಗ ಅದು. ಉದಯನ ರಾಜನ ರಾಣಿಯರು ಆನಂದನಿಗೆ ಐನೂರು ಚೀವರ ಕೊಟ್ಟುಬಿಟ್ಟರು. ಸನ್ಯಾಸಿಗೆ ಇಷ್ಟೇಕೆ, ಅಂಗಡಿ ಇಡುತ್ತಾನೋ ಎಂದು ರಾಜ ಮುನಿದ. ಆನಂದ ಶಾಂತವಾಗಿ ಲೆಕ್ಕ ಒಪ್ಪಿಸಿದ: ಹೊಸ ಚೀವರ ಹರಕು ಉಟ್ಟ ಭಿಕ್ಷುಗಳಿಗೆ, ಅವರ ಹರಕು ಮೇಲುಹಾಸಿಗೆ, ಹಳೆಯ ಮೇಲುಹಾಸು ನೆಲದ ಹಾಸಿಗೆ, ಅದು ಸವೆದರೆ ಕಾಲೊರಸಲು, ಆಮೇಲೆ ದೂಳು ಹೊಡೆಯಲು, ಕೊನೆಗೆ ಜಜ್ಜಿ ಕೆಸರಿಗೆ ಬೆರೆಸಿ ನೆಲ ಸಾರಿಸಲು. ಪ್ರತಿ ಎಳೆಗೂ ದಾಖಲೆ ಇರುವ, ಆದರೆ ಪೆಟ್ಟಿಗೆಯೇ ಇಲ್ಲದ ಭಂಡಾರ ಅದು. ಬಟ್ಟೆಯ ಅಂತ್ಯವನ್ನೂ ಪಟ್ಟಿಯಲ್ಲಿ ಬರೆಯಬಹುದೆಂದು ಮೊದಲು ತೋರಿಸಿದವನು ಆನಂದನೇ ಇರಬೇಕು.

ಅದಕ್ಕೆ ತೀರಾ ಎದುರಾದದ್ದು 1866ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಇಂಡಿಯಾ ಮ್ಯೂಸಿಯಂನ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳ 700 ಮಾದರಿಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಪ್ರತಿ ಮಾಡಿಸಿದ. ಒಂದು ತಲೆರುಮಾಲು ಪೂರ್ತಿ ಉಳಿದಿದ್ದರೆ ಒಂದೇ ಕಡೆ ಇರುತ್ತಿತ್ತು. ಕತ್ತರಿಸಿದ್ದರಿಂದ ಇಪ್ಪತ್ತು ಕಡೆ ಹೋಯಿತು. ಊರು, ಉದ್ದಗಲ, ತೂಕ, ಬೆಲೆ ಎಲ್ಲವೂ ಅಚ್ಚುಕಟ್ಟು. 13 ಪ್ರತಿ ಬ್ರಿಟನ್ನಿಗೆ, 7 ಭಾರತಕ್ಕೆ. ಯಾವ ಸೀರೆ, ಯಾವ ಲುಂಗಿ ಇಲ್ಲಿ ಮಾರಾಟವಾದೀತೆಂದು ಅಲ್ಲಿನ ಗಿರಣಿ ಮಾಲೀಕರಿಗೆ ತೋರಿಸುವುದು ಇದರ ಉದ್ದೇಶ. ಜಂಗಮನೂ ಹರಿದ, ವಾಟ್ಸನ್ನನೂ ಕತ್ತರಿಸಿದ. ಮೊದಲನೆಯವನು ನೇಕಾರನಿಗೆ ತವನಿಧಿ ಕೊಟ್ಟ; ಎರಡನೆಯವನ ಪುಸ್ತಕ ನೇಕಾರನ ಅನ್ನಕ್ಕೇ ಪೈಪೋಟಿ ತಂದಿತು. ಆದರೂ ಒಂದು ಮಾತು ಒಪ್ಪಬೇಕು: ಆ ಪುಟಗಳಿಲ್ಲದಿದ್ದರೆ ಹತ್ತೊಂಬತ್ತನೆಯ ಶತಮಾನದ ಎಷ್ಟೋ ಸಾಮಾನ್ಯ ಬಟ್ಟೆಗಳ ಮುಖವೇ ನಮಗೆ ತಿಳಿಯುತ್ತಿರಲಿಲ್ಲ. ಕೆಟ್ಟ ಉದ್ದೇಶದ ಪಟ್ಟಿಯೂ ಕೆಲವೊಮ್ಮೆ ಒಳ್ಳೆಯ ಸಾಕ್ಷಿಯಾಗುತ್ತದೆ. ಇದು ಸ್ವಲ್ಪ ಇರುಸುಮುರುಸಿನ ಸತ್ಯ.

ಸಾಕ್ಷಿಯೆಂದ ಮೇಲೆ ಕಲೆಯ ಮಾತು ಬಂದೇ ಬರುತ್ತದೆ. ಉಡಿ ತುಂಬಿದ ಸೀರೆಯ ಮೇಲಿನ ಅರಿಶಿನ ಕುಂಕುಮ, ಗಂಧದ ಗುರುತು, ದೀಪದೆಣ್ಣೆಯ ಚುಕ್ಕೆ: ತೊಳೆಯಬೇಕೋ ಬೇಡವೋ? ರಸಾಯನಶಾಸ್ತ್ರ ತೊಳೆಯೆನ್ನುತ್ತದೆ, ಎಣ್ಣೆ ಹಳತಾದಷ್ಟೂ ನೂಲನ್ನು ಗಡುಸು ಮಾಡುತ್ತದೆ, ಹುಳುವನ್ನು ಕರೆಯುತ್ತದೆ. ದೆಹಲಿಯ ರಾಷ್ಟ್ರೀಯ ಗಾಂಧಿ ಮ್ಯೂಸಿಯಂನಲ್ಲಿ ಗಾಂಧೀಜಿ ಕೊನೆಯ ದಿನ ಉಟ್ಟಿದ್ದ ರಕ್ತದ ಕಲೆಯ ಬಟ್ಟೆ ಇದೆ. ಅದನ್ನು ಶುಭ್ರವಾಗಿ ತೊಳೆದಿಟ್ಟಿದ್ದರೆ ಅದು ಬರೀ ಖಾದಿ. ದೇವಿಯ ಸೀರೆಯ ಕುಂಕುಮಕ್ಕೂ ಅದೇ ನ್ಯಾಯ ಸಲ್ಲಬೇಕು. ಇನ್ನು ಮುಟ್ಟುವ ಪ್ರಶ್ನೆ. ಮಾನ್ವಿಯ ಮಡಿಹೆಂಗಸರು ಒಗೆದು ಗಳದ ಮೇಲೆ ಹರವಿದ ಸೀರೆಯನ್ನು ಯಾರೂ ಮುಟ್ಟಕೂಡದೆಂದರೆ ನಗುವ ಮೊಮ್ಮಕ್ಕಳು, ಮ್ಯೂಸಿಯಂನಲ್ಲಿ ಕೈಗವಸು ಹಾಕಿಯೇ ಮುಟ್ಟಬೇಕೆಂದರೆ ಗಂಭೀರವಾಗಿ ತಲೆಯಾಡಿಸುತ್ತಾರೆ. ಮಡಿಯ ಹಿಂದೆ ಜಾತಿಯ ಕಹಿ ಇದೆ, ಅದನ್ನು ಮರೆಸಲಾಗದು. ಕೈಗವಸಿನ ನಿಯಮ ಮುಟ್ಟುವವರ ಕುಲ ಕೇಳುವುದಿಲ್ಲ. ಹಾಗೆಯೇ ಮಡಿಗೆ ಶ್ರೇಷ್ಠವೆಂಬ ರೇಷ್ಮೆ ಸಾವಿರಾರು ಹುಳುಗಳನ್ನು ಕುದಿನೀರಿಗೆ ಹಾಕಿ ಬಂದದ್ದು ಎಂಬುದು ಅಹಿಂಸೆಯ ಲೆಕ್ಕದಲ್ಲಿ ಇನ್ನೂ ತೀರದ ಬಾಕಿ.

ಕಾಪಾಡುವ ಬಗೆ ಕೇಳಿದರೆ ಅಷ್ಟೇನೂ ಗೂಢವಿಲ್ಲ. ಹಳೆಯ ಬಣ್ಣದ ಬಟ್ಟೆಗೆ ಮ್ಯೂಸಿಯಂಗಳು ಕೊಡುವ ಬೆಳಕು 50 ಲಕ್ಸ್. ರಾಯಚೂರಿನ ನಡುಹಗಲ ಬಿಸಿಲು ಒಂದು ಲಕ್ಷ ಲಕ್ಸ್. ಹುಳು ಹೋಗಲೆಂದು ಸೀರೆಯನ್ನು ಅಂಗಳದ ಬಿಸಿಲಿಗೆ ಹರವುವ ತಾಯಂದಿರು ಹುಳುವಿನ ಜೊತೆ ಅರಿಶಿನದ ಬಣ್ಣವನ್ನೂ ಕಳೆಯುತ್ತಾರೆ. ನೆರಳಿನ ಗಾಳಿ ಸಾಕು. ಕಬ್ಬಿಣ ಸೇರಿಸಿ ಹಾಕಿದ ಹಳೆಯ ಕರಿ ಬಣ್ಣ ತನ್ನ ನೂಲನ್ನು ತಾನೇ ತಿನ್ನುತ್ತದೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ಜರಿ ಆ ಗೆರೆಯಲ್ಲೇ ಮುರಿಯುತ್ತದೆ, ಆದ್ದರಿಂದ ಮಡಿಕೆ ಬದಲಿಸುತ್ತಿರಬೇಕು. ಸಾಧ್ಯವಿದ್ದರೆ ಕೊಳವೆಗೆ ಸುತ್ತಿಡುವುದು ಮೇಲು. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಕೂಡಿಹಾಕುತ್ತದೆ, ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆಯೇ ಒಳ್ಳೆಯ ಹೊದಿಕೆ. ಒಣಬೇವಿನೆಲೆ, ಬಜೆ ಬೇರು ಇಡುವ ಅಜ್ಜಿಯರ ಪದ್ಧತಿಯನ್ನು ಬಿಡಬೇಕಿಲ್ಲ, ಬಟ್ಟೆಗೆ ನೇರ ತಾಗದಿದ್ದರಾಯಿತು.

ಕಷ್ಟ ಇರುವುದು ಯಾವುದನ್ನು ಬಿಟ್ಟುಕೊಡಬೇಕೆಂಬಲ್ಲಿ. ಆತ್ಮ ದೇಹವನ್ನೇ ಹಳೆಯ ಬಟ್ಟೆಯಂತೆ ಕಳಚುತ್ತದೆ ಎನ್ನುತ್ತದೆ ಭಗವದ್ಗೀತೆ. ಹಾಗಿರುವಾಗ ಬಟ್ಟೆಯನ್ನು ಕಳಚಲಾರದವರು ದೇಹವನ್ನು ಹೇಗೆ ಕಳಚಿಯಾರು ಎಂಬ ವಾದ ಕೇಳಲು ಚೆಂದ. ಆದರೆ ಕಳಚುವುದರಲ್ಲೂ ಎರಡು ಬಗೆ. ದಾಸಿಮಯ್ಯನಿಗೆ ತಾನು ಕೊಟ್ಟದ್ದರ ಬೆಲೆ ಪ್ರತಿ ಎಳೆಯ ಮಟ್ಟದಲ್ಲಿ ಗೊತ್ತಿತ್ತು, ನೇಯ್ದವನು ಅವನೇ. ಹಳೆ ಜರಿ ಸೀರೆ ಕೊಳ್ಳುತ್ತೇವೆಂದು ಓಣಿ ಓಣಿ ಕೂಗುತ್ತ ಬರುವವರಿಗೆ ಮುತ್ತಜ್ಜಿಯ ಧಾರೆ ಸೀರೆಯನ್ನು ತೂಕಕ್ಕೆ ಹಾಕುವ ಮನೆಗೆ ಅದು ಗೊತ್ತಿರುವುದಿಲ್ಲ. ಆ ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಮೊದಲನೆಯದು ತ್ಯಾಗ, ಎರಡನೆಯದು ಅಸಡ್ಡೆ. ಹೊರನೋಟಕ್ಕೆ ಎರಡರಲ್ಲೂ ಉಳಿಯುವುದು ಚಿಂದಿ, ಬೂದಿ ಅಷ್ಟೇ. ಹರಕೆಯ ಸೀರೆಗಳನ್ನು ಹರಾಜು ಹಾಕುವ ಗುಡಿಗಳೂ ಹಣದ ರಸೀದಿ ಇಡುವಷ್ಟು ಮುತುವರ್ಜಿಯಿಂದ ಸೀರೆಯ ಒಂದು ಫೋಟೊ, ಊರಿನ ಹೆಸರು, ನೇಯ್ಗೆಯ ಬಗೆ ಬರೆದಿಟ್ಟರೆ ದೇವಿಗೇನೂ ಕೊರತೆಯಾಗದು. ಬರೆದ ಮೇಲೆ ಬಿಡುವುದು ತ್ಯಾಗಕ್ಕೆ ಹತ್ತಿರ.

ಇಲ್ಲಿಯ ಹೆಣ್ಣುಮಕ್ಕಳು ಇದಕ್ಕೊಂದು ನಡುದಾರಿ ಕಂಡುಕೊಂಡೇ ಇದ್ದಾರೆ, ಕೌದಿ. ಮಾವನ ಧೋತರ, ಹರಿದ ಪಟಗ, ಬಣ್ಣ ಮಾಸಿದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸದ ತುಣುಕು, ಕೂಸಿನ ಅಂಗಿ ಎಲ್ಲವೂ ಅದರೊಳಗೆ ಪದರ ಪದರವಾಗಿ ಸೇರಿ ಓಡುಹೊಲಿಗೆಯಲ್ಲಿ ಒಂದಾಗುತ್ತವೆ. ಸತ್ತವರು, ಇದ್ದವರು, ಗಂಡನ ಮನೆ, ತವರುಮನೆ ಒಂದೇ ಹೊದಿಕೆಯಡಿ. ನೈಯಾಯಿಕನಿಗೆ ಇದು ಹೊಸ ವಸ್ತು, ಬೌದ್ಧನಿಗೆ ತುಣುಕುಗಳ ರಾಶಿ, ದ್ವೈತಿಗೆ ಎರಡೂ. ಪಟ್ಟಿ ಬರೆಯುವವನಿಗೆ ನೇರ ತಲೆನೋವು: ಕೌದಿಗೆ ಕೊಡುವ ನಂಬರು ಒಂದೋ ಅರವತ್ತೋ? ವಾಡಿಕೆಯ ಉತ್ತರ, ಕೌದಿಗೆ ಒಂದು ನಂಬರು, ತುಣುಕುಗಳಿಗೆ ಅದರ ಕೆಳಗೆ ಉಪನಂಬರು. ಯಾವ ತುಣುಕು ಯಾರದ್ದೆಂದು ಉಪನಂಬರಿನ ಎದುರು ಬರೆಯದಿದ್ದರೆ ಈ ಶ್ರಮವೆಲ್ಲ ಅರ್ಧ ದಂಡ. ಆ ಮಾಹಿತಿ ನೂಲಿನಲ್ಲಿಲ್ಲ, ನೇಯ್ಗೆಯಲ್ಲೂ ಇಲ್ಲ, ಹೊಲಿದ ಹೆಂಗಸಿನ ಬಾಯಲ್ಲಿದೆ. ದೇವದುರ್ಗದ, ಮಾನ್ವಿಯ ಹಳ್ಳಿಗಳಲ್ಲಿ ಕೌದಿ ಹೊಲಿಯುವ ಕೈಗಳಿಗೆ ವಯಸ್ಸಾಗಿದೆ. ಸೊಸೆಯಂದಿರು ಸೋಲಾಪುರದ ಚಾದರ, ಅಂಗಡಿಯ ರಗ್ಗು ಹೊದೆಯುತ್ತಾರೆ. ಹಾಗಾಗಿ ಮೊದಲು ಕೂರಬೇಕಾದದ್ದು ಆ ಮುದುಕಿಯ ಪಕ್ಕದಲ್ಲಿ, ಕೌದಿಯನ್ನು ಕಟ್ಟೆಯ ಮೇಲೆ ಹರವಿಕೊಂಡು. ಆಮೇಲೆ ಒಂದು ಹತ್ತಿ ಪಟ್ಟಿಯ ಮೇಲೆ ನೀರಿಗೆ ಹೋಗದ ಶಾಯಿಯಲ್ಲಿ ನಂಬರು ಬರೆದು, ಕೌದಿಯ ಹಿಂಬದಿಯ ಮೂಲೆಗೆ ನಾಲ್ಕು ಸಡಿಲ ಹೊಲಿಗೆ ಹಾಕಿ, ಕೌದಿಯನ್ನು ಅವಳಿಗೇ ಕೊಟ್ಟು ಬರಬೇಕು. ಚಳಿಗಾಲದಲ್ಲಿ ಹೊದೆಯಲು ಅವಳಿಗದು ಬೇಕು.